ಬಚ್ಚಲಮನೆ ಬಾಗಿಲಿಗೆ ಎರಡು ಇಂಚು ಸಾಲದು

ಮನೆಯಲ್ಲಿ ಹೊಲಿಗೆಯ ಟೇಪು ಇದ್ದರೂ ಸಾಕು, ಮೇಸ್ತ್ರಿಯ ಉಕ್ಕಿನ ಟೇಪು ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಹಿಡಿದು ನಿಮ್ಮ ಬಚ್ಚಲಮನೆಯ ಬಾಗಿಲ ಮುಂದೆ ನಿಲ್ಲಿ. ಕದವನ್ನು ಪೂರ್ತಿ ತೆರೆಯಿರಿ. ತೆರೆದ ಕದದ ಮೈಯಿಂದ ಎದುರಿನ ಚೌಕಟ್ಟಿನವರೆಗೆ ಎಷ್ಟು ಜಾಗ ಉಳಿಯಿತು ಎಂದು ಅಳೆಯಿರಿ. ಗೋಡೆಯಿಂದ ಗೋಡೆಗಲ್ಲ, ಚೌಕಟ್ಟಿನ ಈ ಮರದಿಂದ ಆ ಮರಕ್ಕೂ ಅಲ್ಲ. ಮನುಷ್ಯ ನಿಜವಾಗಿ ದಾಟಬಹುದಾದ ಜಾಗ ಎಷ್ಟು ಎಂಬುದು ನಮಗೆ ಬೇಕು.

ನಮ್ಮ ಕಡೆ ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲು ಇಡುವುದು ವಾಡಿಕೆ. ಅಂದರೆ 30 ಇಂಚು. ಆದರೆ ಅದು ಚೌಕಟ್ಟಿನ ಹೊರ ಅಳತೆ. ಎರಡೂ ಪಕ್ಕದ ಮರಕ್ಕೆಂದು ಎರಡೂವರೆ, ಎರಡೂವರೆ ಇಂಚು ಕಳೆಯಿರಿ, 25 ಉಳಿಯಿತು. ತೆರೆದು ನಿಂತ ಕದದ ದಪ್ಪ ಒಂದೂಕಾಲು ಇಂಚನ್ನೂ ಕಳೆದರೆ 24ಕ್ಕೂ ಕಡಿಮೆ. ಇನ್ನು ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ದೊಡ್ಡವರ ಮಡಚುವ ಗಾಲಿಕುರ್ಚಿಯನ್ನು ನೋಡಿ. ಕೂರುವ ಜಾಗ 18 ಇಂಚು. ಎರಡು ಪಕ್ಕದ ಗಾಲಿ, ಗಾಲಿಯ ಹೊರಗೆ ಕೈಯಿಂದ ತಳ್ಳುವ ಬಳೆ ಎಲ್ಲ ಸೇರಿ ಅಗಲ 25ರಿಂದ 26 ಇಂಚು. ಬಳೆ ಹಿಡಿದ ಬೆರಳುಗಳಿಗೆ ಬೇರೆ ಜಾಗ ಬೇಕು. ಕುರ್ಚಿ ಬಾಗಿಲವರೆಗೆ ಬಂದು ನಿಂತುಬಿಡುತ್ತದೆ. ಕೊರತೆ ಎರಡೇ ಇಂಚು.

ಈ ಎರಡು ಇಂಚಿನ ದೆಸೆಯಿಂದ ಎಷ್ಟೋ ಮನೆಗಳಲ್ಲಿ ದಿನಕ್ಕೆ ನಾಲ್ಕೈದು ಸಲ ಒಬ್ಬರು ಇನ್ನೊಬ್ಬರನ್ನು ಎತ್ತಿಕೊಂಡು ಹೋಗುತ್ತಾರೆ. ಪಾರ್ಶ್ವವಾಯು ಬಡಿದ ಅಜ್ಜ ಇರಬಹುದು. ಬೈಕಿನಿಂದ ಬಿದ್ದ ಅಣ್ಣ ಇರಬಹುದು. ಮಲೆನಾಡು, ಕರಾವಳಿಯಲ್ಲಾದರೆ ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಊರಿಗೊಬ್ಬರಾದರೂ ಸಿಗುತ್ತಾರೆ. ಆದರೆ ಈ ಪುಟ ಓದುವವರು ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರು. ಹಾಗಾಗಿ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುವ ಮಕ್ಕಳ ಬಗ್ಗೆಯೇ ಮೊದಲು ಹೇಳಬೇಕು.

ಮಗು ಆರು ವರ್ಷದ್ದಿರುವಾಗ ಯಾರಿಗೂ ಬಚ್ಚಲಮನೆಯ ಚಿಂತೆ ಬರುವುದಿಲ್ಲ. ಅಮ್ಮ ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಾಳೆ, ಮೀಯಿಸಿ, ಒರೆಸಿ ಕರೆತರುತ್ತಾಳೆ. ಮಗು ಬೆಳೆಯುತ್ತದೆ, ಅಮ್ಮನಿಗೂ ವಯಸ್ಸಾಗುತ್ತದೆ. ಹನ್ನೆರಡು ಹದಿಮೂರಕ್ಕೆ ಬರುವಾಗ 35-40 ಕಿಲೋ ತೂಗುವ ಹುಡುಗನನ್ನು ಒದ್ದೆ ಟೈಲ್ಸಿನ ಮೇಲೆ ಎತ್ತಿಕೊಂಡು ತಿರುಗುವುದೆಂದರೆ ಇಬ್ಬರಿಗೂ ಅಪಾಯ. ಸ್ನಾಯುಗಳು ಕ್ರಮೇಣ ಸೊರಗುವ ಡುಶೆನ್ ಕಾಯಿಲೆಯ ಹುಡುಗರು ಸಾಮಾನ್ಯವಾಗಿ ಹನ್ನೆರಡರ ಆಸುಪಾಸಿನಲ್ಲೇ ನಡೆಯುವ ಶಕ್ತಿ ಕಳೆದುಕೊಳ್ಳುತ್ತಾರೆ. ಅದು ಹೀಗೆ ಬರುತ್ತದೆಂದು ವೈದ್ಯರು ಮೊದಲೇ ಹೇಳಿರುತ್ತಾರೆ. ಆದರೂ ಬಚ್ಚಲ ಬಾಗಿಲು ಆ ದಿನದವರೆಗೆ 24 ಇಂಚಾಗಿಯೇ ಇರುತ್ತದೆ.

ತೂಕಕ್ಕಿಂತ ದೊಡ್ಡ ಸಂಗತಿ ಒಂದಿದೆ, ಅದನ್ನು ಮನೆಯಲ್ಲಿ ಬಾಯಿಬಿಟ್ಟು ಆಡುವವರು ಕಡಿಮೆ. ಹದಿಮೂರರ ಹುಡುಗಿಗೆ ಅಪ್ಪನೋ ಚಿಕ್ಕಪ್ಪನೋ ತನ್ನನ್ನು ಕಕ್ಕಸಿಗೆ ಎತ್ತಿಕೊಂಡು ಹೋಗುವುದು ಹೇಗನ್ನಿಸಬಹುದು? ಹದಿನೈದರ ಹುಡುಗನಿಗೆ ಅಮ್ಮ ಸೋಪು ಹಚ್ಚುವುದು? ಮಕ್ಕಳು ಹೇಳುವುದಿಲ್ಲ. ಅವರು ಬೇರೆ ಉಪಾಯ ಕಂಡುಕೊಳ್ಳುತ್ತಾರೆ: ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ಸಂಜೆಯವರೆಗೆ ಏನಿಲ್ಲ. ಶಾಲೆಯಲ್ಲಿ ಹೋಗುವಂತಿಲ್ಲ, ಮನೆಯಲ್ಲಿ ಕರೆಯಲು ಸಂಕೋಚ. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಕಲ್ಲು, ಮಲಬದ್ಧತೆ ಒಂದರ ಹಿಂದೆ ಒಂದು ಬರುತ್ತವೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದೇ ಕಷ್ಟವಾದ್ದರಿಂದ ಸೋಂಕು ಮೂತ್ರಪಿಂಡದವರೆಗೂ ಹೋಗಬಹುದು. ‘ನಮ್ಮ ಹುಡುಗ ನೀರೇ ಕುಡಿಯಲ್ಲ ಡಾಕ್ಟ್ರೆ’ ಎನ್ನುವ ತಂದೆತಾಯಿ ಒಮ್ಮೆ ಬಾಗಿಲು ಅಳೆದು ನೋಡುವುದು ಒಳ್ಳೆಯದು.

ಗಾಲಿಕುರ್ಚಿಯ ಅಗಲ ಯಾರೋ ದೇವರು ಕೊಟ್ಟ ಅಳತೆಯಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನ್ನಿಂಗ್ಸ್ ಎಂಬ ಇಬ್ಬರು ಎಂಜಿನಿಯರುಗಳು ಉಕ್ಕಿನ ಕೊಳವೆಯ, ಮಡಚಬಹುದಾದ ಕುರ್ಚಿ ಮಾಡಿದರು. ಎವರೆಸ್ಟ್ ಗಣಿ ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡಿದ್ದವರು, ಕಾರಿನಲ್ಲಿ ಹಾಕಿಕೊಂಡು ಹೋಗುವಂಥ ಕುರ್ಚಿ ಅವರಿಗೆ ಬೇಕಿತ್ತು. ಆಸನದ ಕೆಳಗೆ ಕತ್ತರಿಯಂತೆ ಎರಡು ಕೊಳವೆ ಅಡ್ಡ ಹಾಕಿದ ಆ ರಚನೆಯನ್ನು ಇವತ್ತಿಗೂ ನಮ್ಮ ಆಸ್ಪತ್ರೆಗಳ ಕುರ್ಚಿಯಲ್ಲಿ ಕಾಣುತ್ತೀರಿ. ಕುರ್ಚಿ ಕಾರಿಗೆ ಹೊಂದಿಕೊಂಡಿತು. ಬಾಗಿಲುಗಳು ಮಾತ್ರ ಕುರ್ಚಿಗೆ ಹೊಂದಿಕೊಳ್ಳಲು ಬಹಳ ಕಾಲ ಹಿಡಿಯಿತು.

ರೊನಾಲ್ಡ್ ಮೇಸ್ ಎಂಬ ಹುಡುಗನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ಬಂತು. ಆತ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ವಾಸ್ತುಶಿಲ್ಪ ಓದಲು ಸೇರಿದಾಗ ಮೆಟ್ಟಿಲುಗಳಲ್ಲಿ ಎತ್ತಿಕೊಂಡು ಹೋಗಬೇಕಿತ್ತು, ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತಿರಲಿಲ್ಲ. ಕಟ್ಟಡ ಹೇಗೆ ಕಟ್ಟಬೇಕೆಂದು ಕಲಿಸುವ ಕಟ್ಟಡದಲ್ಲೇ ಈ ಪಾಡು! 1966ರಲ್ಲಿ ಪದವಿ ಪಡೆದ ಮೇಸ್, 1970ರ ದಶಕದಲ್ಲಿ ತನ್ನ ರಾಜ್ಯದ ಕಟ್ಟಡ ನಿಯಮಗಳಲ್ಲಿ ಅಂಗವಿಕಲರ ಅಗತ್ಯಗಳನ್ನು ಸೇರಿಸಲು ದುಡಿದರು. ‘ಯೂನಿವರ್ಸಲ್ ಡಿಸೈನ್’ ಎಂಬ ಮಾತನ್ನು ಬಳಕೆಗೆ ತಂದವರು ಅವರೇ. ಅಂಗವಿಕಲರಿಗೆಂದು ಬೇರೆ, ಉಳಿದವರಿಗೆಂದು ಬೇರೆ ಮಾಡದೆ, ಎಲ್ಲರೂ ಬಳಸಬಹುದಾದ್ದನ್ನು ಮೊದಲೇ ಮಾಡಿಬಿಡುವುದು ಎಂದು ಅದರ ಅರ್ಥ. ಅಗಲದ ಬಾಗಿಲಿನಿಂದ ಬಸುರಿಗೂ ಬಕೆಟ್ ಹಿಡಿದವರಿಗೂ ನಷ್ಟವೇನೂ ಇಲ್ಲವಲ್ಲ.

ಇರಲಿ, ನಮ್ಮ ಬಾಗಿಲಿಗೆ ಬರೋಣ. ಹೊಸ ಚೌಕಟ್ಟು ಇಡುವುದಾದರೆ ದಾಟುವ ಜಾಗವೇ 900 ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿ ಇರಲಿ ಎಂದು ನಮ್ಮ ದೇಶದ ಮಾರ್ಗಸೂಚಿಗಳು ಹೇಳುತ್ತವೆ. ಹಳೆ ಮನೆಯಲ್ಲಿ ಅಷ್ಟು ಸಿಗದಿದ್ದರೆ 32 ಇಂಚಿಗಾದರೂ ತನ್ನಿ. ಗೋಡೆ ಒಡೆಯುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ಕಾಸಿಲ್ಲದ ಉಪಾಯವೂ ಇದೆ: ಕದವನ್ನೇ ಕಳಚಿ ದಪ್ಪ ಪರದೆ ಕಟ್ಟುವುದು. ಒಂದೂಕಾಲು ಇಂಚು ಅಲ್ಲಿಗೇ ಗಿಟ್ಟಿತು. ಚಿಕ್ಕ ಮಕ್ಕಳ ಕುರ್ಚಿ ಕಿರಿದಾದ್ದರಿಂದ ಅಷ್ಟರಲ್ಲೇ ಒಳಗೆ ಹೋದೀತು. ಬೆಳೆದವರಿಗೆ ಪರದೆ ತಾತ್ಕಾಲಿಕ ಮಾತ್ರ, ಬಾಗಿಲು ಬೇಕೇ ಬೇಕು. ಕದ ಒಳಕ್ಕೆ ತೆರೆಯುವಂತಿದ್ದರೆ ಮೊದಲು ಅದನ್ನು ಹೊರಕ್ಕೆ ತಿರುಗಿಸಿ. ಒಳಕ್ಕೆ ತೆರೆಯುವ ಕದ ಕುರ್ಚಿ ನಿಲ್ಲುವ ಜಾಗವನ್ನು ತಿನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಳಗೆ ಬಿದ್ದವರ ದೇಹವೇ ಅಡ್ಡವಾಗಿ ಕದ ತೆರೆಯಲು ಬಾರದೆ ಹೋಗುತ್ತದೆ. ಈ ಒಂದು ಕೆಲಸವನ್ನು ಅಜ್ಜ ಅಜ್ಜಿ ಇರುವ ಯಾವ ಮನೆಯಲ್ಲಾದರೂ ನಾಳೆಯೇ ಮಾಡಿಸಬಹುದು, ಗಾಲಿಕುರ್ಚಿ ಇರಲೇಬೇಕೆಂದಿಲ್ಲ.

ಬಾಗಿಲು ಗೆದ್ದ ಮೇಲೆ ಹೊಸ್ತಿಲು. ಬಚ್ಚಲ ನೀರು ನಡುಮನೆಗೆ ಬಾರದಿರಲೆಂದು ಎರಡೂವರೆ ಇಂಚಿನ ಕಲ್ಲೊಂದನ್ನು ಅಡ್ಡ ಇಟ್ಟಿರುತ್ತಾರೆ. ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿಗಳಿಗೆ ಅದೊಂದು ಗೋಡೆ. ಹಲಗೆಯೊಂದನ್ನು ಇಳಿಜಾರಾಗಿ ಇಟ್ಟರಾಯಿತಲ್ಲ ಎನ್ನುತ್ತೀರಿ. ಇಡಬಹುದು, ಆದರೆ ಎಷ್ಟು ಉದ್ದದ ಹಲಗೆ? ಹತ್ತನೇ ತರಗತಿಯವರು ಇಲ್ಲೊಂದು ಲೆಕ್ಕ ಮಾಡಿ. ಹುಡುಗ 60 ಕಿಲೋ, ಕುರ್ಚಿ 20 ಕಿಲೋ, ಒಟ್ಟು 80. ಹತ್ತು ಇಂಚು ಉದ್ದದ ತುಂಡು ಹಲಗೆ ಇಟ್ಟರೆ ಏರು ಒಂದಕ್ಕೆ ನಾಲ್ಕು. ಇಳಿಜಾರಿನ ಕೋನದ ಸೈನನ್ನು ತೂಕಕ್ಕೆ ಗುಣಿಸಿದರೆ, ಕುರ್ಚಿಯನ್ನು ಮೇಲೆ ದೂಡಲು ಹೆಚ್ಚುಕಡಿಮೆ 19 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಅದೇ 30 ಇಂಚಿನ ಹಲಗೆಯಾದರೆ ಏರು ಒಂದಕ್ಕೆ ಹನ್ನೆರಡು, ಬೇಕಾದ ಬಲ ಆರೂವರೆ ಕಿಲೋದಷ್ಟು. ಮೊದಲನೆಯದು ಇನ್ನೊಬ್ಬರು ಬಂದು ತಳ್ಳಬೇಕಾದ ಏರು, ಎರಡನೆಯದು ಹುಡುಗ ತಾನೇ ಏರಬಹುದಾದ್ದು. ಎಲ್ಲ ನಿಯಮಪುಸ್ತಕಗಳಲ್ಲೂ ಕಾಣುವ ‘ಒಂದಕ್ಕೆ ಹನ್ನೆರಡು’ ಎಂಬ ಲೆಕ್ಕದ ಹಿಂದಿರುವುದು ತೋಳಿನ ಈ ಶಕ್ತಿಯೇ. ಇಳಿಯುವಾಗ ಇನ್ನೊಂದು ಪ್ರಶ್ನೆ: ಕಡಿದಾದ ಹಲಗೆಯಲ್ಲಿ ಮುಂದಕ್ಕೆ ಇಳಿದರೆ ಕೂತವರು ಮುಗ್ಗರಿಸಬಹುದು.

ಬಚ್ಚಲನ್ನು ಹೇಗೂ ಕೆದಕುವುದಾದರೆ ಹೊಸ್ತಿಲನ್ನು ತೆಗೆದೇಬಿಡಿ. ಮೇಸ್ತ್ರಿ ಒಪ್ಪುವುದಿಲ್ಲ. ‘ನೀರೆಲ್ಲ ಹಾಲಿಗೆ ಬರ್ತದೆ ಸಾರ್’ ಎನ್ನುತ್ತಾರೆ. ಬರಬಾರದೆಂದರೆ ನೆಲಕ್ಕೆ ಸರಿಯಾದ ಓಟ ಕೊಡಬೇಕು. ಒಂದಕ್ಕೆ 60ರ ಓಟವೆಂದರೆ ಐದು ಅಡಿ ಉದ್ದಕ್ಕೆ ಒಂದು ಇಂಚು ತಗ್ಗು. ಕುರ್ಚಿ ಜಾರದು, ನೀರು ಮಾತ್ರ ಹರಿಯುತ್ತದೆ. ನೀರು ಹೋಗುವ ನಹಾನಿ ಟ್ರ್ಯಾಪು ಬಾಗಿಲಿನಿಂದ ದೂರದ ಮೂಲೆಯಲ್ಲಿರಲಿ. ಸಾಲದೆನಿಸಿದರೆ ಬಾಗಿಲ ಅಡಿಯಲ್ಲಿ ಉದ್ದಕ್ಕೆ ಜಾಲರಿ ಮುಚ್ಚಿದ ಸಣ್ಣ ಕಾಲುವೆ ಮಾಡಿಸಿ. ಜಾಲರಿಯ ಸಂದು ಅರ್ಧ ಇಂಚಿಗಿಂತ ಅಗಲವಾಗಿದ್ದರೆ ಮುಂದಿನ ಗಾಲಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನೆಲಕ್ಕೆ ಮಿರುಗುವ ಟೈಲ್ಸ್ ಬೇಡ, ಒರಟು ಮೈಯ ಚಿಕ್ಕ ಟೈಲ್ಸ್ ಹಾಕಿಸಿ. ಚಿಕ್ಕದಾದಷ್ಟೂ ಸಂದುಗಳು ಹೆಚ್ಚು, ಸಂದು ಹೆಚ್ಚಿದಷ್ಟೂ ಹಿಡಿತ ಹೆಚ್ಚು.

ಇನ್ನು ಒಳಗಿನ ಜಾಗ. ಗಾಲಿಕುರ್ಚಿ ನಿಂತಲ್ಲೇ ಒಂದು ಸುತ್ತು ತಿರುಗಲು 1500 ಮಿ.ಮೀ., ಅಂದರೆ ಐದು ಅಡಿ ವ್ಯಾಸದ ವೃತ್ತ ಬೇಕು. ನಾಲ್ಕು ಅಡಿ ಅಗಲದ ಬಚ್ಚಲಿನಲ್ಲಿ ಇದು ಹೇಗೆ ಸಾಧ್ಯ? ಸಾರ್ವಜನಿಕ ಕಟ್ಟಡದಲ್ಲಿ ಈ ವೃತ್ತ ಇರಲೇಬೇಕು, ಮನೆಯಲ್ಲಿ ಸ್ವಲ್ಪ ಸಡಿಲಿಸಬಹುದು. ಮುಂದೆ ಹೋಗಿ ಹಿಂದಕ್ಕೆ ಬರುವುದು ಕೈ ಗಟ್ಟಿ ಇರುವವರಿಗೆ ಕಷ್ಟವೇನಲ್ಲ. ಮನೆಯ ಬಚ್ಚಲನ್ನು ಒಬ್ಬ ನಿರ್ದಿಷ್ಟ ಮನುಷ್ಯನ ಮೈಗೆ ಹೊಲಿಸುತ್ತೇವೆ, ಸಾರ್ವಜನಿಕ ಶೌಚಾಲಯವನ್ನು ಯಾರೋ ಗೊತ್ತಿಲ್ಲದವರಿಗಾಗಿ ಕಟ್ಟುತ್ತೇವೆ. ಪುಸ್ತಕದ ಅಳತೆಯನ್ನೇ ಹಿಡಿದು ‘ನಮ್ಮ ಮನೆಯಲ್ಲಿ ಆಗದು’ ಎಂದು ಕೈಬಿಟ್ಟವರು ಇದನ್ನು ಯೋಚಿಸಬೇಕು.

ನಮ್ಮ ಹಳೆಯ ಮನೆಗಳಲ್ಲಿ ಇನ್ನೊಂದು ಅನುಕೂಲವಿದೆ. ಬಚ್ಚಲು ಬೇರೆ, ಕಕ್ಕಸು ಬೇರೆ, ಪಕ್ಕಪಕ್ಕದಲ್ಲೇ. ನಡುವೆ ನಾಲ್ಕೂವರೆ ಇಂಚಿನ ಅರ್ಧ ಇಟ್ಟಿಗೆ ಗೋಡೆ. ನಾಲ್ಕು ಅಡಿ ಅಗಲದ ಬಚ್ಚಲೂ ಮೂರು ಅಡಿ ಅಗಲದ ಕಕ್ಕಸೂ ಸೇರಿದರೆ ಏಳು ಅಡಿಯ ಒಂದು ಕೋಣೆಯಾಯಿತು. ಆ ಗೋಡೆಯ ಮೇಲೆ ತೊಲೆಯೋ ನೀರಿನ ತೊಟ್ಟಿಯೋ ಕೂತಿಲ್ಲವೆಂದು ಎಂಜಿನಿಯರಿಂದ ಖಚಿತಮಾಡಿಕೊಂಡು ತೆಗೆಸಬಹುದು. ಕಷ್ಟವಿರುವುದು ಹಳೆ ದೇಸಿ ಬೇಸಿನ್ನಿನಲ್ಲಿ. ಅದರ ಅಡಿಯ ಟ್ರ್ಯಾಪಿಗೆ ಜಾಗ ಬೇಕೆಂದು ನೆಲವನ್ನೇ ಒಂದು ಮೆಟ್ಟಿಲು ಎತ್ತರಿಸಿರುತ್ತಾರೆ. ಆ ಕಟ್ಟೆ ಒಡೆದು ಕಮೋಡ್ ಕೂರಿಸುವಾಗ ಪೈಪಿನ ದಾರಿಯೂ ಬದಲಾಗುತ್ತದೆ. ಒಟ್ಟು ಕೆಲಸದಲ್ಲಿ ಹೆಚ್ಚು ದುಡ್ಡು ತಿನ್ನುವುದು ಇದೇ. ಮೇಲಿನ ಮಹಡಿಯಾದರೆ ಕೆಳಮನೆಯವರ ತಲೆಯ ಮೇಲೆ ಸೋರದಂತೆ ನೀರುತಡೆಯ ಲೇಪವನ್ನು ಹೊಸದಾಗಿ ಮಾಡಿಸಬೇಕು. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಕಮೋಡ್ ಎಲ್ಲಿ ಕೂರಬೇಕೆಂಬ ಚರ್ಚೆ ಶುರುವಾದ ಕೂಡಲೇ ಮನೆಯ ಹಿರಿಯರು ದಿಕ್ಕಿನ ಮಾತೆತ್ತುತ್ತಾರೆ. ಉತ್ತರಕ್ಕೆ ಮುಖ ಮಾಡಬೇಕೋ ದಕ್ಷಿಣಕ್ಕೋ ಎಂದು ಒಂದು ವಾರ, ಯಾವ ಬಣ್ಣವೆಂದು ಇನ್ನೊಂದು ವಾರ. ಮಗ ಎಡಗಡೆಯಿಂದ ಸರಿಯುತ್ತಾನೋ ಬಲಗಡೆಯಿಂದಲೋ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದೇ. ಗಾಲಿಕುರ್ಚಿಯಲ್ಲಿರುವವರು ಕುರ್ಚಿಯನ್ನು ಕಮೋಡಿನ ಪಕ್ಕಕ್ಕೆ ತಂದು, ಪಕ್ಕದ ತೋಳನ್ನು ಕಳಚಿ, ಕೈಯೂರಿ ಅತ್ತ ಸರಿಯುತ್ತಾರೆ. ಪಾರ್ಶ್ವವಾಯು ಆದವರಿಗೆ ಗಟ್ಟಿ ಇರುವ ಪಕ್ಕ ಒಂದೇ. ಆ ಪಕ್ಕ ಯಾವುದೆಂದು ನೋಡಿಯೇ ಕಮೋಡಿನ ಜಾಗ ನಿಶ್ಚಯಿಸಬೇಕು. ಒಂದು ಬದಿಯ ಗೋಡೆಯಿಂದ ಕಮೋಡಿನ ನಡುಗೆರೆ ಸುಮಾರು 18 ಇಂಚಿಗಿರಲಿ, ಆ ಗೋಡೆಗೆ ಕಂಬಿ. ಇನ್ನೊಂದು ಬದಿಯಲ್ಲಿ ಕುರ್ಚಿ ಬಂದು ನಿಲ್ಲಲು ಮೂರು ಅಡಿ ಖಾಲಿ.

ಎತ್ತರವೂ ಮುಖ್ಯ. ಗಾಲಿಕುರ್ಚಿಯ ಆಸನ ನೆಲದಿಂದ 19-20 ಇಂಚು. ಅಂಗಡಿಯ ಸಾಮಾನ್ಯ ಕಮೋಡ್ 15-16 ಇಂಚು. ಇಳಿಯುವುದು ಸುಲಭ, ಮತ್ತೆ ಹತ್ತುವುದು ಬೆಟ್ಟ. ಕಮೋಡನ್ನು ಅದರ ಪಾದದಷ್ಟೇ ಅಗಲದ ಕಟ್ಟೆಯ ಮೇಲೆ ಕೂರಿಸಿಯೋ, ಮೇಲೆ ದಪ್ಪ ಆಸನ ಇಟ್ಟೋ, ಗೋಡೆಗೆ ತೂಗುಹಾಕುವ ಬಗೆಯದನ್ನು ತಂದೋ 18-19 ಇಂಚಿಗೆ ತನ್ನಿ. ಕಟ್ಟೆ ಅಗಲವಾದರೆ ಕುರ್ಚಿಯ ಕಾಲುಹಲಗೆ ಅದಕ್ಕೆ ಬಡಿಯುತ್ತದೆ.

ಇಷ್ಟೆಲ್ಲ ಒಡೆಯುವ ಶಕ್ತಿ ಇಲ್ಲದವರಿಗೆ, ಬಾಡಿಗೆ ಮನೆಯವರಿಗೆ, ಗಾಲಿ ಇರುವ ಕಮೋಡ್ ಕುರ್ಚಿಯೇ ದೊಡ್ಡ ಆಸರೆ. ಇದರ ಗಾಲಿಗಳು ಚಿಕ್ಕವು, ಕುರ್ಚಿಯ ಕೆಳಗೇ ಇರುತ್ತವೆ. ಹೀಗಾಗಿ ಅಗಲ ಕಡಿಮೆ, 24 ಇಂಚಿನೊಳಗಿನದು ಸಿಗುತ್ತದೆ. ಮಲಗುವ ಕೋಣೆಯಲ್ಲೇ ಅದಕ್ಕೆ ಸರಿದು, ಬಚ್ಚಲಿಗೆ ಉರುಳಿಸಿಕೊಂಡು ಹೋಗಿ, ಕಮೋಡಿನ ಮೇಲೆ ಹಿಮ್ಮುಖವಾಗಿ ನಿಲ್ಲಿಸಿದರೆ ಅದೇ ಕುರ್ಚಿಯಲ್ಲಿ ಶೌಚ, ಅದೇ ಕುರ್ಚಿಯಲ್ಲಿ ಸ್ನಾನ. ಕೊಳ್ಳುವ ಮುನ್ನ ಕುರ್ಚಿಯ ಅಡಿಯ ಎತ್ತರ ನಿಮ್ಮ ಕಮೋಡಿನ ಅಂಚಿಗಿಂತ ಹೆಚ್ಚಿದೆಯೇ ಎಂದು ಅಳೆದು ನೋಡಿ. ಅರ್ಧ ಇಂಚು ಕಡಿಮೆಯಾದರೂ ಅದು ವರಾಂಡದಲ್ಲಿ ಬಟ್ಟೆ ಹಾಕುವ ಕುರ್ಚಿಯಾಗುತ್ತದೆ. ಗಾಲಿಗೆ ಬ್ರೇಕ್ ಇರಲಿ. ಸ್ಪರ್ಶಜ್ಞಾನ ಇಲ್ಲದವರಾದರೆ ಆಸನ ಮೆತ್ತಗಿರಲೇಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಅರ್ಧ ಗಂಟೆ ಕೂತರೆ ಚರ್ಮ ಒತ್ತಿ ಹುಣ್ಣಾಗುತ್ತದೆ, ನೋವಾಗದಿರುವುದರಿಂದ ಗೊತ್ತೇ ಆಗುವುದಿಲ್ಲ. ಆ ಹುಣ್ಣು ಮಾಯಲು ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಶಾಲೆ ಇಲ್ಲ.

ಗೋಡೆಯ ಆಸರೆ ಕಂಬಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಟವೆಲ್ ಹಾಕುವ ಕಂಬಿ ಆಸರೆ ಕಂಬಿಯಲ್ಲ. ನೋಡಲು ಒಂದೇ ಥರ ಹೊಳೆಯುತ್ತವೆ. ಟವೆಲ್ ಕಂಬಿ ಟವೆಲಿನ ತೂಕಕ್ಕೆ ಮಾಡಿದ್ದು. ಏಳುವವನು ತನ್ನ ಅರ್ಧ ಭಾರವನ್ನು ಅದರ ಮೇಲೆ ಹಾಕುತ್ತಾನೆ. ಜಾರಿದಾಗ ಪೂರ್ತಿ ಭಾರ, ಅದೂ ಜಗ್ಗಿದಂತೆ ಒಮ್ಮೆಲೇ ಬೀಳುತ್ತದೆ. ಅಮೆರಿಕದ ನಿಯಮದಲ್ಲಿ ಕಂಬಿ 250 ಪೌಂಡ್, ಅಂದರೆ ಸುಮಾರು 113 ಕಿಲೋ ಬಲವನ್ನು ತಾಳಬೇಕು. ಕಂಬಿ ತಾಳುತ್ತದೆ, ಕಿತ್ತುಬರುವುದು ಗೋಡೆಯಿಂದ. ಅರ್ಧ ಇಟ್ಟಿಗೆ ಗೋಡೆಗೋ ಟೊಳ್ಳು ಬ್ಲಾಕಿಗೋ ಪ್ಲಾಸ್ಟಿಕ್ ಪ್ಲಗ್ ಹೊಡೆದು ತಿರುಪು ಬಿಗಿದರೆ ಮೊದಲ ದಿನ ಗಟ್ಟಿಯಾಗಿಯೇ ಕಾಣುತ್ತದೆ. ಕೆಳಕ್ಕೆ ಒತ್ತಿದಾಗ ನಿಲ್ಲುವ ತಿರುಪು, ಹಿಂದಕ್ಕೆ ವಾಲಿ ಎಳೆದಾಗ ಪ್ಲಗ್ಗಿನ ಸಮೇತ ಹೊರಬರುತ್ತದೆ. ಗೋಡೆಯ ಆಚೆ ಬದಿಗೂ ಬೋಲ್ಟು ದಾಟಿಸಿ, ಅಲ್ಲಿ ಉಕ್ಕಿನ ತಟ್ಟೆ ಇಟ್ಟು ನಟ್ಟು ಬಿಗಿಯುವುದೇ ಸರಿ. ಆಚೆ ಕೋಣೆಯಲ್ಲಿ ಆ ತಟ್ಟೆ ಚೆನ್ನಾಗಿ ಕಾಣುವುದಿಲ್ಲ, ಕ್ಯಾಲೆಂಡರ್ ನೇತುಹಾಕಿ. ಕಂಬಿ ಒಂದೂಕಾಲಿನಿಂದ ಒಂದೂವರೆ ಇಂಚು ದಪ್ಪ, ಗೋಡೆಯಿಂದ ಒಂದೂವರೆ-ಎರಡು ಇಂಚು ದೂರ. ಹೆಚ್ಚು ದೂರವಿದ್ದರೆ ಕೈ ಜಾರಿದಾಗ ತೋಳು ಸಂದಿನಲ್ಲಿ ಸಿಕ್ಕಿ ಮುರಿಯಬಹುದು.

ಹೊಸ ಮನೆ ಕಟ್ಟಿಸುತ್ತಿರುವ ತಂದೆತಾಯಿಗಳಿಗೆ ಇದೇ ಜಾಗದಲ್ಲಿ ಒಂದು ಸೂಚನೆ. ಅಮೆರಿಕದಲ್ಲಿ 1988ರ ವಸತಿ ಕಾನೂನು ತಿದ್ದುಪಡಿ, ನಾಲ್ಕು ಅಥವಾ ಹೆಚ್ಚು ಮನೆಗಳಿರುವ ಹೊಸ ಕಟ್ಟಡಗಳಿಗೆ ಒಂದು ನಿಯಮ ಹಾಕಿತು: ಬಚ್ಚಲಲ್ಲಿ ಕಂಬಿ ಹಾಕಬೇಕಾಗಿಲ್ಲ, ಮುಂದೆ ಹಾಕಲು ಬರುವಂತೆ ಗೋಡೆಯನ್ನು ಬಲಪಡಿಸಿಡಬೇಕು. ನಾವೂ ಕಮೋಡಿನ ಪಕ್ಕದ ಗೋಡೆಯನ್ನು ಟೊಳ್ಳು ಬ್ಲಾಕಿನ ಬದಲು ಗಟ್ಟಿ ಬ್ಲಾಕಿನಲ್ಲಿ ಕಟ್ಟಿಸಿದರೆ ಹೆಚ್ಚಿಗೆ ಖರ್ಚೇನೂ ಬೀಳುವುದಿಲ್ಲ. ನೆಲಮಾಳಿಗೆಯ ಒಂದು ಬಚ್ಚಲಿಗಾದರೂ ಮೂರಡಿ ಬಾಗಿಲಿಡಿ. ನಮಗೂ ಎಪ್ಪತ್ತು ತುಂಬುವ ದಿನ ಬರುತ್ತದೆ.

ಸ್ನಾನದ ನೀರಿನ ಮಾತು. ಹಂಡೆಯಲ್ಲಿ ಕಾಯಿಸಿ, ಬಕೆಟ್ಟಿನಲ್ಲಿ ಹದ ಮಾಡಿ, ಚೊಂಬಿನಲ್ಲಿ ಹೊಯ್ದುಕೊಳ್ಳುವ ನಮ್ಮ ಪದ್ಧತಿ ಕೂತು ಸ್ನಾನ ಮಾಡುವುದೇ ಆದರೂ, ಗಾಲಿಕುರ್ಚಿಯವರಿಗೆ ನೆಲದ ಮೇಲಿನ ಬಕೆಟ್ಟು ತೀರ ಕೆಳಗಾಯಿತು. ಬಗ್ಗಿ ನೀರೆತ್ತುವಾಗ ಮುಂದಕ್ಕೆ ಮಗುಚುವ ಭಯ. ಬಕೆಟ್ಟನ್ನು ಒಂದೂವರೆ ಅಡಿ ಕಟ್ಟೆಯ ಮೇಲೆ ಇಡಿ, ಇಲ್ಲವೇ ಉದ್ದ ಕೊಳವೆಯ ಹ್ಯಾಂಡ್ ಶವರ್ ಹಾಕಿಸಿ. ನಲ್ಲಿ ಕೂತವರ ಕೈಗೆಟುಕಲಿ, ತಿರುಪಿನ ಬದಲು ಹಿಡಿ ಒತ್ತುವ ಬಗೆಯದಿರಲಿ. ಬೆನ್ನುಹುರಿ ಪೆಟ್ಟಾದವರ ಕಾಲಿಗೆ ಬಿಸಿ ತಿಳಿಯುವುದಿಲ್ಲ. 60 ಡಿಗ್ರಿ ಸೆಲ್ಷಿಯಸ್ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳಕ್ಕೆ ಸುಡುತ್ತದೆ. ಗೀಸರಿನ ಥರ್ಮೋಸ್ಟಾಟನ್ನು 50ರ ಕೆಳಗೆ ತಿರುಗಿಸಿಡಿ. ಸ್ಪರ್ಶ ಇರುವ ಮೊಣಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಕಾಲಿಗೆ ಹೊಯ್ಯುವ ರೂಢಿಯಾಗಲಿ.

ಹಳ್ಳಿ ಮನೆಗಳಲ್ಲಿ ಕಕ್ಕಸು ಹಿತ್ತಿಲಲ್ಲಿ. ಅಲ್ಲಿ ಒಳಗಿನ ಅಳತೆಗಿಂತ ಮೊದಲು ದಾರಿ ನೋಡಬೇಕು. ಹಿಂಬಾಗಿಲ ಮೆಟ್ಟಿಲು, ಅಂಗಳದ ಕೆಸರು, ಕಕ್ಕಸಿನ ಕಟ್ಟೆ, ಮೂರನ್ನೂ ದಾಟಿಸುವ ನಾಲ್ಕಡಿ ಅಗಲದ ಗಾರೆ ದಾರಿ ಆಗದೆ ಉಳಿದದ್ದರಿಂದ ಪ್ರಯೋಜನವಿಲ್ಲ. ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯ 2015ರಲ್ಲಿ ಅಂಗವಿಕಲರ ಮನೆಶೌಚಾಲಯಗಳ ಬಗ್ಗೆ ಒಂದು ಕೈಪಿಡಿ ಹೊರತಂದಿತು. ಕಡಿಮೆ ಖರ್ಚಿನಲ್ಲಿ ಏನೇನು ಮಾಡಬಹುದೆಂದು ಅದರಲ್ಲಿ ಚಿತ್ರ ಸಮೇತ ಇದೆ, ಪಂಚಾಯಿತಿಯಲ್ಲಿ ಕೇಳಿ ನೋಡಬಹುದು.

ಮೈಯಳತೆ ತೆಗೆದು ಸಲಹೆ ಕೊಡುವ ತಜ್ಞರೂ ಇದ್ದಾರೆ, ಅವರನ್ನು ಆಕ್ಯುಪೇಷನಲ್ ಥೆರಪಿಸ್ಟ್ ಎನ್ನುತ್ತಾರೆ. ಊಟ, ಉಡುಪು, ಸ್ನಾನದಂಥ ದಿನದ ಕೆಲಸಗಳನ್ನು ರೋಗಿ ತಾನೇ ಮಾಡಿಕೊಳ್ಳುವಂತೆ ಮಾಡುವುದು ಅವರ ವಿದ್ಯೆ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿ ವೈದ್ಯಕೀಯ ಸೀಟು ಸಿಗದೆ ಮುಖ ಸಣ್ಣ ಮಾಡಿಕೊಂಡವರು ಈ ಕಡೆಯೂ ನೋಡಬಹುದು, ಮಣಿಪಾಲದಲ್ಲಿ ಇದರ ಪದವಿ ಇದೆ. ಬೆಂಗಳೂರಿನಲ್ಲಿ 1959ರಲ್ಲಿ, ತಾವೇ ಪೋಲಿಯೋ ಪೀಡಿತರಾಗಿದ್ದ ಎನ್.ಎಸ್. ಹೇಮಾ ಕಟ್ಟಿದ ಎ.ಪಿ.ಡಿ. ಸಂಸ್ಥೆ ಅಂಗವಿಕಲರ ಪುನರ್ವಸತಿಗಾಗಿ ದುಡಿಯುತ್ತ ಬಂದಿದೆ.

ಶಾಲೆಯ ಕಕ್ಕಸಿನ ಮಾತು ಬೇರೆ ಬರಹವನ್ನೇ ಬೇಡುತ್ತದೆ. ಇಷ್ಟು ತಿಳಿದಿರಲಿ: ಮನೆಯ ಬಚ್ಚಲು ಹೇಗಿರಬೇಕೆಂದು ಕಾನೂನು ಹೇಳುವುದಿಲ್ಲ, ಶಾಲೆಯದನ್ನು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಮು, ಸರ್ಕಾರ ನಡೆಸುವ ಅಥವಾ ಮಾನ್ಯತೆ ಕೊಟ್ಟ ಶಿಕ್ಷಣ ಸಂಸ್ಥೆಗಳ ಕಟ್ಟಡ ಮತ್ತು ಸೌಕರ್ಯಗಳು ಅಂಗವಿಕಲ ಮಕ್ಕಳಿಗೆ ಎಟುಕುವಂತಿರಬೇಕು ಎನ್ನುತ್ತದೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜತೆ ಟೇಪನ್ನೂ ಒಯ್ಯಿರಿ.

ಒಡೆಯುವುದಕ್ಕೆ ಮುನ್ನ ಮನೆಯ ಮಕ್ಕಳೆಲ್ಲ ಸೇರಿ ಒಂದು ಭಾನುವಾರ ಮಾಡಬಹುದಾದ ಕೆಲಸವಿದೆ. ಅಂಗಳದಲ್ಲೋ ತಾರಸಿಯಲ್ಲೋ ಸೀಮೆಸುಣ್ಣದಿಂದ ಹೊಸ ಬಚ್ಚಲಿನ ನಕ್ಷೆಯನ್ನು ನಿಜ ಅಳತೆಯಲ್ಲೇ ಬರೆಯಿರಿ. ಕಮೋಡಿನ ಜಾಗದಲ್ಲಿ 18 ಇಂಚು ಎತ್ತರದ ಸ್ಟೂಲು, ವಾಷ್‌ಬೇಸಿನ್ನಿನ ಜಾಗದಲ್ಲಿ ಮೇಜು. ಬೇಸಿನ್ನಿನ ಕೆಳಗೆ ಮೊಣಕಾಲು ತೂರಲು 27 ಇಂಚು ತೆರವಿರಬೇಕೆಂಬುದನ್ನು ಮರೆಯಬೇಡಿ. ಆಮೇಲೆ ಕುರ್ಚಿಯ ಯಜಮಾನನನ್ನು ಒಳಗೆ ಬಿಡಿ. ಹೋಗಲಿ, ತಿರುಗಲಿ, ಸರಿಯಲಿ, ವಾಪಸು ಬರಲಿ. ಗೆರೆ ತುಳಿದ ಕಡೆಯೆಲ್ಲ ಗುರುತು ಹಾಕಿ. ಸುಣ್ಣದ ಗೆರೆಯನ್ನು ಅಳಿಸಿ ಮೂರು ಇಂಚು ಸರಿಸಲು ಒದ್ದೆ ಬಟ್ಟೆ ಸಾಕು. ಟೈಲ್ಸ್ ಹಾಕಿದ ಮೇಲೆ ಅದೇ ಮೂರು ಇಂಚಿಗೆ ಮತ್ತೆ ಮೇಸ್ತ್ರಿ, ಮತ್ತೆ ಸಿಮೆಂಟು. ಅಮ್ಮಂದಿರು ‘ಅವನಿಗೆ ಹೀಗಿದ್ದರೆ ಅನುಕೂಲ’ ಎಂದು ನಡುವೆ ಬಾಯಿ ಹಾಕದೆ ಸ್ವಲ್ಪ ಹೊತ್ತು ಸುಮ್ಮನಿರಬೇಕು.

ಕೊನೆಯದಾಗಿ ಚಿಲಕ. ಎಲ್ಲ ಮುಗಿದ ಮೇಲೆ ಬಡಗಿ ಅದನ್ನು ಅಭ್ಯಾಸಬಲದಿಂದ ನಿಂತವರ ಎದೆಮಟ್ಟಕ್ಕೆ ಹೊಡೆದು ಹೋಗುತ್ತಾನೆ. ಕೂತವರ ಕೈಮಟ್ಟವೆಂದರೆ ನೆಲದಿಂದ ಮೂರು ಅಡಿ, ಅಲ್ಲಿಗೆ ಇಳಿಸಿ. ಕದದ ಒಳಮೈಗೆ ಅಡ್ಡಲಾಗಿ ಉದ್ದನೆಯ ಹಿಡಿ ಇದ್ದರೆ ಒಳಗೆ ಹೋದವರು ಅದನ್ನು ಹಿಡಿದು ಹಿಂದಕ್ಕೆ ಎಳೆದು ಮುಚ್ಚಿಕೊಳ್ಳಬಹುದು. ಒಳಗೆ ಏನಾದರೂ ಆದರೆ ಎಂಬ ಹೆದರಿಕೆಗೆ ಚಿಲಕವೇ ಬೇಡವೆನ್ನುವ ಮನೆಗಳಿವೆ, ಹಾಗೆ ಮಾಡಬೇಡಿ. ಒಳಗಿನಿಂದ ಹಾಕಿದ್ದನ್ನು ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿ ತೆರೆಯಬಹುದಾದ ಚಿಲಕ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಕೇಳಿ ತನ್ನಿ.